ಜೋಡಿ ಸ್ಪೀಕರುಗಳನ್ನು ಮನೆಯಲ್ಲಿ ಎಲ್ಲಿಡಬೇಕು?

ನಮ್ಮ ವಾಚನಾಲಯದಲ್ಲಿ ರವಿವಾರ ಸಂಜೆ ಧ್ವನಿಮುದ್ರಿಕೆಗಳನ್ನು ಕೇಳಿಸುವ ಪರಿಪಾಠವಿರುವುದನ್ನು ಸದಸ್ಯ ಬಂಧುಗಳು ಬಲ್ಲರು. ಕಳೆದ ದೀಪಾವಳಿಯ ಹೊತ್ತಿಗೆ ನಿವೃತ್ತರಾಗಿ ಊರಿಗೆ ಮರಳಿದ ಸದಸ್ಯರೊಬ್ಬರು ತಮ್ಮ ಜೋಡಿ ಸ್ಪೀಕರುಗಳನ್ನೂ ಆಂಪ್ಲಿಫೈಯರನ್ನೂ ಸಂಘಕ್ಕೆ ಬಿಟ್ಟುಹೋದರು. ನಾವು ಬಹು ಸಂಭ್ರಮದಿಂದ ಅವನ್ನು ಎರಡು ಮೂಲೆಗಳಲ್ಲಿರುವ ಪುಸ್ತಕದ ಕಪಾಟುಗಳ ನೆತ್ತಿಯ ಮೇಲೆ ಕೂರಿಸಿದೆವು. ನೋಡುವುದಕ್ಕೆ ಚೆನ್ನಾಗಿತ್ತು, ಪತ್ರಿಕೆ ಓದುವವರ ಕೈಕಾಲಿಗೆ ಅಡ್ಡಿಯೂ ಇರಲಿಲ್ಲ.

ಎರಡನೆಯ ರವಿವಾರ ಒಂದು ಹಳೆಯ ನಾಟಕದ ಮುದ್ರಿಕೆ ಹಾಕಿದ್ದೆವು. ಮೂವತ್ತು ವರ್ಷ ಮಗ್ಗದ ಖಾತೆಯಲ್ಲಿ ದುಡಿದ ಕಾಕಾ ಒಬ್ಬರು ಮುಂದಿನ ಬೆಂಚಿನಲ್ಲೇ ಕುಳಿತಿದ್ದರು. ಅರ್ಧಕ್ಕೇ ಎದ್ದು ನಮ್ಮ ಬಳಿ ಬಂದು, “ತಮ್ಮಾ, ದನಿ ಭಾಳ ದೊಡ್ಡದ ಐತಿ, ಆದ್ರ ಮಾತು ಒಂದೂ ತಿಳೀವಲ್ದು” ಎಂದರು. ನಾವು ಬುದ್ಧಿವಂತರಲ್ಲವೇ, ದನಿಯನ್ನು ಇನ್ನಷ್ಟು ಏರಿಸಿದೆವು. ಕಾಕಾ ಅವರಿಗೆ ಮಾತು ತಿಳಿಯಲಿಲ್ಲ. ಪಕ್ಕದ ಖೋಲಿಯಲ್ಲಿ ರಾತ್ರಿಪಾಳಿಗೆ ಮುಂಚೆ ಮಲಗಿದ್ದ ಹುಡುಗ ಮಾತ್ರ ಎದ್ದು ಬಂದು ಬಾಗಿಲು ಬಡಿದ. ಮುಂದಿನ ಸಭೆಯಲ್ಲಿ, ಇವು ಕೆಟ್ಟ ಸ್ಪೀಕರುಗಳು, ಮಾರಿಬಿಟ್ಟು ವಂತಿಗೆ ಎತ್ತಿ ದೊಡ್ಡವನ್ನು ಕೊಳ್ಳೋಣ ಎಂಬ ಸೂಚನೆಯೂ ಬಂತು. ಕೊಳ್ಳುವ ಮೊದಲು ಇದ್ದವನ್ನೇ ಕೆಳಗಿಳಿಸಿ ಬೇರೆ ಕಡೆ ಇಟ್ಟು ನೋಡುವುದು ಖರ್ಚಿಲ್ಲದ ಕೆಲಸವೆಂದು ನಾವು ಹಟ ಹಿಡಿದೆವು. ಮೂರು ನಾಲ್ಕು ಸಂಜೆ ಇಟ್ಟು, ತೆಗೆದು, ಅಳೆದು, ಪುಸ್ತಕ ತಿರುವಿ ಕಲಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವು ಮೆಟ್ರಿಕ್ಕಿನವರೆಗೆ ಓದಿದ ಗಿರಣಿ ಗುಮಾಸ್ತರು, ಧ್ವನಿಶಾಸ್ತ್ರದ ಪಂಡಿತರಲ್ಲ. ಆದರೂ ಹತ್ತು ಅಡಿಯ ಖೋಲಿಯಲ್ಲಿ ಸ್ಪೀಕರು ಇಟ್ಟುಕೊಂಡ ನಮ್ಮಂಥವರಿಗೆ ಇದರಿಂದ ಉಪಯೋಗವಾದೀತು.

ಮೊದಲು ಎರಡು ಸ್ಪೀಕರು ಏತಕ್ಕೆ ಎಂಬುದನ್ನು ತಿಳಿಯಬೇಕು. ಒಂದು ಸಾಲದೆಂದು ಎರಡಲ್ಲ, ದನಿ ಇಮ್ಮಡಿಯಾಗಲಿ ಎಂದೂ ಅಲ್ಲ. ನಮಗೆ ಎರಡು ಕಿವಿಗಳಿವೆ, ಅದಕ್ಕೆ. ಕಣ್ಣು ಮುಚ್ಚಿಕೊಂಡಿದ್ದರೂ ಹಾಲಿನವನ ಸೈಕಲ್ಲಿನ ಗಂಟೆ ಯಾವ ಕಡೆ ಬಾರಿಸಿತೆಂದು ಹೇಳಬಲ್ಲೆವಷ್ಟೆ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ. ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗುವಾಗ ತುಸು ತಡವಾಗುತ್ತದೆ, ತುಸು ಸಣ್ಣದೂ ಆಗುತ್ತದೆ. ಈ ತಡ ಹೆಚ್ಚೆಂದರೆ ಒಂದು ಸೆಕೆಂಡನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಆರೇಳು ಪಾಲು. ಅಷ್ಟು ಸಣ್ಣ ಲೆಕ್ಕವನ್ನು ನಮ್ಮ ಮಿದುಳು ಹುಟ್ಟಿನಿಂದ ಸಾಯುವತನಕ ಬಿಡುವಿಲ್ಲದೆ ಮಾಡುತ್ತಿರುತ್ತದೆ.

ಈ ಗುಣವನ್ನು ಹಿಡಿದು ಜೋಡಿಧ್ವನಿಯ ವಿದ್ಯೆಯನ್ನು ಕಟ್ಟಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಎಂಬ ಇಂಜಿನಿಯರು. 1931ರಲ್ಲಿ ಅವರು ಮುಂದೆ ತಮ್ಮ ಹೆಂಡತಿಯಾದವರೊಡನೆ ಟಾಕಿ ಚಿತ್ರ ನೋಡಲು ಹೋಗಿದ್ದಾಗ, ಪಾತ್ರಧಾರಿ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ಮಾತು ಒಂದೇ ಕಡೆಯಿಂದ ಬರುತ್ತಿದ್ದುದು ಅವರಿಗೆ ಸರಿದೋರಲಿಲ್ಲವಂತೆ. ಅದೇ ವರ್ಷ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1942ರಲ್ಲಿ, ಯುದ್ಧಕಾಲದ ರಾಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಬಿದ್ದು ತೀರಿಹೋದರು. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಜೋಡಿಧ್ವನಿಯ ತಟ್ಟೆಗಳು ಅಂಗಡಿಯಲ್ಲಿ ಧಾರಾಳವಾಗಿ ಸಿಗತೊಡಗಿದ್ದು 1958ರ ಸುಮಾರಿಗೆ.

ಎರಡು ಸ್ಪೀಕರುಗಳಿಂದಲೂ ಒಂದೇ ಮಾತು, ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ ನಮ್ಮನ್ನು ಮುಟ್ಟಿದರೆ ಮಿದುಳು ಅದನ್ನು ಎರಡೆಂದು ಎಣಿಸುವುದಿಲ್ಲ. ನಟ್ಟನಡುವೆ, ಬರಿಯ ಗಾಳಿಯಲ್ಲಿ, ಯಾರೋ ನಿಂತು ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ಗಾಯಕರು ನಡುವೆ, ತಬಲಾ ಒಂದು ಮಗ್ಗುಲಿಗೆ, ಕೊಳಲು ಇನ್ನೊಂದು ಮಗ್ಗುಲಿಗೆ ಎಂದು ಹಾಡು ಹರಡಿಕೊಂಡು ಕೂರುವುದು ಹೀಗೆ. ಬಿಡಿಬಿಡಿಯಾಗಿ ಕೂತಾಗ ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಆದುದರಿಂದ ಮಾತು ಸ್ಪಷ್ಟವಾಗುತ್ತದೆ. ಆದರೆ ಸದ್ದು ಒಂದು ಅಡಿ ನಡೆಯಲು ಸೆಕೆಂಡಿನ ಸಾವಿರದೊಂದು ಪಾಲಿನಷ್ಟು ಹೊತ್ತು ಬೇಕು. ನೀವು ಒಂದು ಸ್ಪೀಕರಿಗೆ ಇನ್ನೊಂದಕ್ಕಿಂತ ಒಂದೇ ಅಡಿ ಹತ್ತಿರವಾದರೂ ಹತ್ತಿರದ್ದು ಮೊದಲು ಮುಟ್ಟುತ್ತದೆ, ಹಾಡೆಲ್ಲ ಅದರೊಳಗೇ ಹೋಗಿ ಸೇರಿಕೊಳ್ಳುತ್ತದೆ. ಎರಡನೆಯದು ಇದ್ದೂ ಇಲ್ಲದಂತೆ. ಮೊದಲು ಬಂದ ಸದ್ದಿಗೇ ಕಿವಿ ಮಣೆ ಹಾಕುವ ಈ ಗುಣವನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಪರೀಕ್ಷಿಸಿ ತೋರಿಸಿದರು.

ಆದುದರಿಂದ ಮೊದಲ ಕೆಲಸ ಅಳತೆಯದು, ಅದಕ್ಕೆ ಬೇಕಾದದ್ದು ದಾರ. ಒಂದೇ ಉದ್ದದ ಮೂರು ದಾರಗಳನ್ನು ಕತ್ತರಿಸಿಕೊಳ್ಳಿರಿ. ಒಂದು ದಾರ ಈ ಸ್ಪೀಕರಿನಿಂದ ಆ ಸ್ಪೀಕರಿಗೆ. ಉಳಿದ ಎರಡು, ಒಂದೊಂದು ಸ್ಪೀಕರಿನಿಂದ ನೀವು ಕೂರುವಲ್ಲಿ ನಿಮ್ಮ ತಲೆಗೆ. ಮೂರೂ ಬಿಗಿಯಾಗಿ ನಿಂತರೆ ಮೂರು ಬದಿಯೂ ಸಮನಾದ ತ್ರಿಕೋನವಾಯಿತು. ಸ್ಪೀಕರುಗಳ ಮುಖವನ್ನು ತುಸು ಒಳಕ್ಕೆ, ನಿಮ್ಮ ಕಡೆಗೆ ತಿರುಗಿಸಿರಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಚಾಳಿನ ಖೋಲಿಯಾದರೆ ಐದೈದು ಅಡಿಯ ದಾರ ಸಾಕು. ಹತ್ತಡಿಯ ಗೋಡೆಯ ಮುಂದೆ ನಡುವೆ ಐದಡಿ ಬಿಟ್ಟು ಸ್ಪೀಕರುಗಳನ್ನಿಟ್ಟರೆ ಎರಡೂ ಬದಿಗೆ ಎರಡೂವರೆ ಅಡಿ ಉಳಿಯುತ್ತದೆ. ನೀವು ಕೂರುವುದು ಅವುಗಳಿಗಿಂತ ನಾಲ್ಕೂಕಾಲು ಅಡಿ ಮುಂದೆ. ನಿಮ್ಮ ಬೆನ್ನ ಹಿಂದೆ ಆರಡಿಗೂ ಮಿಕ್ಕಿ ಜಾಗವಿರುತ್ತದೆ, ಅಲ್ಲಿ ಅಡಿಗೆ ತನ್ನ ಪಾಡಿಗೆ ತಾನು ಆಗಬಹುದು. ಇಷ್ಟು ಹತ್ತಿರ ಕೂತರೆ ಚೆನ್ನಾಗಿರುತ್ತದೆಯೇ ಎಂದು ಕೆಲವರು ಕೇಳಿದರು. ಹತ್ತಿರ ಕೂತರೇ ಚೆನ್ನು. ಸ್ಪೀಕರಿನ ನೇರ ದನಿ ಹೆಚ್ಚು ಕೇಳುತ್ತದೆ, ಗೋಡೆಗೆ ಬಡಿದು ಬಂದದ್ದು ಕಡಿಮೆ ಕೇಳುತ್ತದೆ. ದನಿಯನ್ನು ತಗ್ಗಿಸಿಯೂ ಇಡಬಹುದು.

ಇನ್ನು ಎತ್ತರ. ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ದೊಡ್ಡದೊಂದು, ಸಣ್ಣದೊಂದು ಮುಖವಿರುತ್ತದೆ. ಸಣ್ಣದು ಹೊರಡಿಸುವ ಎತ್ತರದ ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುವಂಥವು. ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ಇರುವುದು ಅವುಗಳಲ್ಲೇ. ಕಪಾಟಿನ ನೆತ್ತಿಯ ಮೇಲಿಟ್ಟರೆ ವ್ಯಂಜನಗಳು ತಲೆಯ ಮೇಲಿಂದ ಹಾರಿಹೋಗುತ್ತವೆ, ಬರಿಯ ಸ್ವರ ಉಳಿಯುತ್ತದೆ. ಸಣ್ಣ ಮುಖ ಕಿವಿಯ ಮಟ್ಟಕ್ಕಿರಬೇಕು: ಚಾಪೆಯ ಮೇಲೆ ಕೂರುವವರಿಗೆ ನೆಲದಿಂದ ಸುಮಾರು ಎರಡೂವರೆ ಅಡಿ, ಕುರ್ಚಿಯವರಿಗೆ ಮೂರೂವರೆ ಅಡಿ. ತಗಡಿನ ಟ್ರಂಕಿನ ಮೇಲೆ ಇಡುವುದಾದರೆ ಮಡಿಸಿದ ಕಂಬಳಿ ಹಾಸಿರಿ, ಇಲ್ಲವಾದರೆ ಟ್ರಂಕೂ ಜೊತೆಗೆ ಹಾಡತೊಡಗುತ್ತದೆ. ಅಟ್ಟದ ಹೊರತು ಬೇರೆ ಜಾಗವೇ ಇಲ್ಲದವರು ಪೆಟ್ಟಿಗೆಯ ಹಿಂಬದಿಗೆ ಮರದ ತುಂಡು ಕೊಟ್ಟು ಮುಖವನ್ನು ಕೆಳಗೆ ಬಾಗಿಸಿ, ಜಾರದಂತೆ ಭದ್ರಪಡಿಸಬೇಕು.

ಮೂಲೆಯ ದೋಷ ಇದಕ್ಕಿಂತಲೂ ದೊಡ್ಡದು. ತಗ್ಗಿನ ಸ್ವರಗಳು ಟಾರ್ಚಿನ ಬೆಳಕಿನಂತಲ್ಲ, ಕಂದೀಲಿನ ಬೆಳಕಿನಂತೆ. ಪೆಟ್ಟಿಗೆಯ ಸುತ್ತಲೂ ಹರಡಿ, ಹಿಂದಿನ ಗೋಡೆಗೆ ತಾಗಿ ಮರಳಿ, ಮುಂದಿನದರೊಡನೆ ಕೂಡಿಕೊಳ್ಳುತ್ತವೆ. ಒಂದು ಗೋಡೆಯ ಪಕ್ಕದಲ್ಲಿಟ್ಟರೆ ಒಂದು ಪಟ್ಟು ಜೋರು, ಮೂಲೆಯಲ್ಲಿಟ್ಟರೆ ಎರಡು ಗೋಡೆಗಳದೂ ಜೋರು, ಮೂಲೆಯ ನೆಲದ ಮೇಲೋ ಮಾಡಿಗೆ ಒತ್ತಿಯೋ ಇಟ್ಟರೆ ಮೂರು. ಅಂಗಡಿಯಲ್ಲಿ ಇಂಥ ಗುಮ್ಮೆನ್ನುವ ದನಿ ಕೇಳಿ ‘ಏನು ಬೇಸ್!’ ಎಂದು ಮರುಳಾಗುವವರು ಬಹಳ. ಆ ಗುಮ್ಮು ವ್ಯಂಜನಗಳನ್ನು ನುಂಗಿಹಾಕುತ್ತದೆ. ಆದುದರಿಂದ ಮೂಲೆಯಿಂದ ಹೊರಗೆ ತನ್ನಿರಿ. ಪೆಟ್ಟಿಗೆಯ ಬೆನ್ನಿನಲ್ಲಿ ಗಾಳಿಯ ತೂತಿದ್ದರೆ ಅದನ್ನು ಗೋಡೆಗೆ ಒತ್ತಲೇಬಾರದು.

ಹಾಗೆಂದು ಗೋಡೆಯಿಂದ ದೂರವಾದಷ್ಟೂ ಒಳ್ಳೆಯದೆಂದು ತಿಳಿಯಬೇಡಿರಿ, ಇದರಲ್ಲಿ ನಾವೇ ಮೋಸಹೋಗಿದ್ದೆವು. ಗೋಡೆಯಿಂದ ಮರಳಿದ ಸದ್ದು ಒಂದು ನಿರ್ದಿಷ್ಟ ಸ್ವರದಲ್ಲಿ ಮುಂದಿನದಕ್ಕೆ ಎದುರಾಗಿ ಬಂದು ಅದನ್ನು ಕಡಿಮೆ ಮಾಡಿಬಿಡುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ ಎರಡೂವರೆ ಅಡಿ ದೂರವಿದ್ದರೆ ಹೀಗೆ ಕುಗ್ಗುವುದು ಸೆಕೆಂಡಿಗೆ ಸುಮಾರು 113 ಕಂಪನಗಳ ಸ್ವರ. ಗಂಡಸರ ಮಾತಿನ ತಳಸ್ವರ ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ ಇರುತ್ತದೆ. ನಾಟಕದ ರಾಜ ನೆಗಡಿ ಬಂದವನಂತೆ ಕೇಳಿಸಿದ್ದು ನಮಗೆ ಹೀಗೆ. ಆದ್ದರಿಂದ ಯಾರಾದರೂ ಮಾತಾಡುವ ಮುದ್ರಿಕೆ ಹಾಕಿ, ಸ್ಪೀಕರುಗಳನ್ನು ಒಂದೊಂದು ಗೇಣು ಹಿಂದೆ ಮುಂದೆ ಸರಿಸಿ ಕೇಳಿರಿ. ಎರಡನ್ನೂ ಸಮನಾಗಿ ಸರಿಸಿರಿ. ಮಾತು ತೆಳುವೂ ಅಲ್ಲದೆ ಗುಮ್ಮೆನ್ನದೆಯೂ ಇರುವಲ್ಲಿ ನಿಲ್ಲಿಸಿ ಸುಣ್ಣದಲ್ಲಿ ಗುರುತು ಹಾಕಿಡಿರಿ. ಕೂರುವಾಗ ನಿಮ್ಮ ತಲೆಯನ್ನೂ ಹಿಂದಿನ ಗೋಡೆಗೆ ಆನಿಸಬೇಡಿರಿ, ಅಲ್ಲಿಯೂ ತಗ್ಗಿನ ಸ್ವರ ಕಟ್ಟಿಕೊಳ್ಳುತ್ತದೆ.

ಪಕ್ಕದ ಗೋಡೆಗಳಿಗೆ ಒಂದು ಕನ್ನಡಿ ಸಾಕು. ನೀವು ನಿಮ್ಮ ಜಾಗದಲ್ಲಿ ಕೂತು, ಮನೆಯವರೊಬ್ಬರ ಕೈಯಲ್ಲಿ ಕನ್ನಡಿಯನ್ನು ಗೋಡೆಗೆ ಒತ್ತಿ ಸರಿಸುತ್ತ ಹೋಗಲು ಹೇಳಿರಿ. ಎಲ್ಲಿ ಅದರಲ್ಲಿ ಸ್ಪೀಕರು ಕಾಣುತ್ತದೋ ಅಲ್ಲಿಂದಲೇ ಸದ್ದೂ ಬಡಿದು ನಿಮ್ಮತ್ತ ಬರುತ್ತದೆ. ಅಲ್ಲಿ ದಪ್ಪ ಬಟ್ಟೆ ತೂಗುಹಾಕಬೇಕು. ಊರಿಂದ ತಂದ ಕೌದಿಗಿಂತ ಮಿಗಿಲಾದದ್ದು ಬೇಕಿಲ್ಲ. ಗೋಡೆಯಿಂದ ಎರಡು ಬೆರಳು ಬಿಟ್ಟು ತೂಗಿದರೆ ಇನ್ನೂ ಮೇಲು. ಒಂದು ಬದಿಗೆ ಉಕ್ಕಿನ ಕಪಾಟು, ಇನ್ನೊಂದು ಬದಿಗೆ ಬಟ್ಟೆಯ ಹಗ್ಗ ಇದ್ದರೆ ಮಾತು ಕಪಾಟಿನ ಕಡೆಗೆ ವಾಲುತ್ತದೆ. ಕಪಾಟಿನ ಮೇಲೂ ಒಂದು ಕೌದಿ ಇಳಿಬಿಡಿರಿ.

ಸ್ಥಾನ ಸರಿಯಾದರೂ ನಡುವಿನ ದನಿ ಎಲ್ಲೆಲ್ಲೋ ತೇಲಾಡಿ, ತಗ್ಗಿನ ಸ್ವರ ಮಾಯವಾದಂತಿದ್ದರೆ ತಂತಿಯನ್ನು ನೋಡಿರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಬೇಕು. ಒಂದರಲ್ಲಿ ಅದಲುಬದಲಾಗಿದ್ದರೆ ಒಂದು ಸ್ಪೀಕರು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತದೆ. ಯಂತ್ರ ಬಂದುಮಾಡಿ, ಪ್ಲಗ್ಗು ತೆಗೆದ ಮೇಲೆಯೇ ತಂತಿ ಮುಟ್ಟಬೇಕು. ಪರೀಕ್ಷೆಗೆ ಒಂಟಿಧ್ವನಿಯ ಹಳೆಯ ಮುದ್ರಿಕೆಯೇ ಉತ್ತಮ: ಎರಡೂ ಕಡೆ ಒಂದೇ ಸದ್ದಿರುವುದರಿಂದ ಹಾಡುವವರು ಸರಿಯಾಗಿ ನಡುವೆ ನಿಲ್ಲಬೇಕು. ಒಂದೇ ಡಬ್ಬಿಯ ಸಣ್ಣ ಬ್ಲೂಟೂತ್ ಸ್ಪೀಕರು ಉಳ್ಳವರಿಗೆ ತ್ರಿಕೋನದ ಕಷ್ಟವಿಲ್ಲ. ಎತ್ತರದ, ಮೂಲೆಯ ಮಾತುಗಳು ಮಾತ್ರ ಅವರಿಗೂ ಸಲ್ಲುತ್ತವೆ.

ನೆರೆಯವರ ಮಾತನ್ನು ಮರೆಯುವ ಹಾಗಿಲ್ಲ. ನಡುಗೋಡೆಯನ್ನು ದಾಟಿ ಹೋಗುವುದು ಮುಖ್ಯವಾಗಿ ಗುಮ್ಮೆನ್ನುವ ತಗ್ಗಿನ ಸ್ವರವೇ. ಪೆಟ್ಟಿಗೆ ನಡುಗೋಡೆಗೆ ತಾಗಿದ್ದರೆ ಗೋಡೆಯೇ ನಡುಗಿ ಆ ಕಡೆಗೆ ಸ್ಪೀಕರಾಗುತ್ತದೆ. ಮಲಗುವವರಿರುವ ಗೋಡೆಯನ್ನು ಬಿಟ್ಟು ಬೇರೆ ಗೋಡೆ ಆರಿಸಿ, ಪೆಟ್ಟಿಗೆಯ ಅಡಿಗೆ ರಬ್ಬರನ್ನೋ ಕಂಬಳಿಯನ್ನೋ ಹಾಕಿರಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿಯಿದೆ. ಆದರೆ ರಾತ್ರಿಪಾಳಿಯವನಿಗೆ ಹಗಲೇ ರಾತ್ರಿ. ಅವನ ನಿದ್ದೆಗೆ ನಿಯಮದ ಪುಸ್ತಕದಲ್ಲಿ ಜಾಗವಿಲ್ಲ, ನಾವೇ ಕೊಡಬೇಕು.

ಕಾಕಾ ಅವರ ವಿಷಯ ಬಾಕಿ ಇದೆ. ಮಗ್ಗದ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೊದಲು ಸೋಲುವುದು ಎತ್ತರದ ಸ್ವರಗಳು, ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನವು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸೆಣಬಿನ ನೇಕಾರರ ಕಿವಿಗಳನ್ನು ಪರೀಕ್ಷಿಸಿ 1965ರಲ್ಲಿಯೇ ಇದನ್ನು ಪ್ರಕಟಿಸಿದ್ದಾರೆ. ಇಂಥವರಿಗೆ ದನಿ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ. ದನಿ ಏರಿಸಿದರೆ ಗುಮ್ಮು ಏರುತ್ತದೆಯೇ ಹೊರತು ಮಾತು ಏರುವುದಿಲ್ಲ. ಮೂಲೆ, ಅಟ್ಟ, ದೂರ ಎಂಬ ಮೂರೂ ತಪ್ಪುಗಳನ್ನು ನಾವು ಅವರ ಮೇಲೆಯೇ ಹೇರಿದ್ದೆವು. ಗದ್ದಲದಿಂದ ಬಂದ ಕಿವುಡು ನೌಕರರ ವಿಮೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಈಗ ಮಗ್ಗದ ಖಾತೆಯಲ್ಲಿರುವವರು ಕಿವಿಯ ಪರೀಕ್ಷೆಯನ್ನು ಮುಂದೂಡಬಾರದು. ಒಂದೇ ಕಿವಿ ಕೇಳುವವರಿಗೆ ಜೋಡಿಧ್ವನಿಯಿಂದ ನಷ್ಟವೇ ಹೆಚ್ಚು. ಮೊಬೈಲಿನ ಸೆಟ್ಟಿಂಗಿನಲ್ಲಿ ‘ಮೋನೋ ಆಡಿಯೋ’ ಎಂಬುದನ್ನು ಹಾಕಿದರೆ ಎರಡೂ ಕಡೆಯದು ಕೂಡಿ ಬರುತ್ತದೆ, ಒಂದು ಸ್ಪೀಕರನ್ನು ಕೇಳುವ ಕಿವಿಯ ಕಡೆಗಿಟ್ಟರೆ ಸಾಕು.

ಈಗ ವಾಚನಾಲಯದ ಸ್ಪೀಕರುಗಳು ಎರಡು ಸ್ಟೂಲುಗಳ ಮೇಲೆ, ಏಳಡಿಯ ತ್ರಿಕೋನದಲ್ಲಿವೆ. ಪತ್ರಿಕೆ ಓದುವವರಿಗೆ ತುಸು ಅಡ್ಡಿಯಾಗುತ್ತಿದೆ, ಅದಕ್ಕಾಗಿ ಕ್ಷಮೆ ಕೋರುತ್ತೇವೆ. ರವಿವಾರ ಮುಗಿದೊಡನೆ ಎತ್ತಿಡಲಾಗುವುದು. ಕಳೆದ ರವಿವಾರ ಅದೇ ನಾಟಕವನ್ನು ಮತ್ತೆ ಹಾಕಿದೆವು, ಮೊದಲಿನ ಅರ್ಧದಷ್ಟು ದನಿಯಲ್ಲಿ. ಕಾಕಾ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ನಗುವ ಮಾತು ಬಂದಾಗ ಉಳಿದವರೊಡನೆ ಅವರೂ ನಕ್ಕರು. ಕೆಲವು ಮಾತು ಈಗಲೂ ತಪ್ಪುತ್ತವೆ ಎಂದರು, ಆದರೆ ಕೊನೆಯ ಅಂಕದವರೆಗೆ ಏಳಲಿಲ್ಲ.

ಐದಡಿಯ ಮೂರು ದಾರಗಳೂ ಒಂದು ಕೈಗನ್ನಡಿಯೂ ವಾಚನಾಲಯದ ಮೇಜಿನ ಖಾನೆಯಲ್ಲಿವೆ. ಬೇಕಾದ ಸದಸ್ಯರು ವಹಿಯಲ್ಲಿ ಹೆಸರು ಬರೆದು ಎರಡು ದಿನದ ಮಟ್ಟಿಗೆ ಒಯ್ಯಬಹುದು.