ಲಗಾಮನ್ನು ಕೈಗೆ ಕೊಡುವ ವಿದ್ಯೆ

1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟದಲ್ಲಿ ಡ್ರೆಸ್ಸಾಜ್ ಎಂಬ ಅಶ್ವಾರೋಹಣ ಸ್ಪರ್ಧೆಯ ಬಹುಮಾನ ವಿತರಣೆಯ ಹೊತ್ತಿಗೆ ಪ್ರೇಕ್ಷಕರು ಒಂದು ಅಪೂರ್ವ ದೃಶ್ಯವನ್ನು ಕಂಡರು. ಚಿನ್ನದ ಪದಕ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸೀರ್, ಬೆಳ್ಳಿಯ ಪದಕ ಗೆದ್ದ ಡೆನ್ಮಾರ್ಕಿನ ಮಹಿಳೆಗೆ ಆಸರೆಯಾಗಿ ನಿಂತು ಆಕೆಯನ್ನು ವೇದಿಕೆಗೆ ಹತ್ತಿಸಿದರು. ಆಕೆಯ ಹೆಸರು ಲಿಸ್ ಹಾರ್ಟೆಲ್. ಮೊಣಕಾಲಿನಿಂದ ಕೆಳಗೆ ಎರಡೂ ಕಾಲುಗಳಲ್ಲಿ ಸ್ವಾಧೀನವಿರಲಿಲ್ಲ. ಕುದುರೆಯನ್ನು ಏರುವುದಕ್ಕೂ ಇಳಿಯುವುದಕ್ಕೂ ಪರಸಹಾಯ ಬೇಕಾಗಿತ್ತು. ಆದರೆ ಒಮ್ಮೆ ಜೀನಿನ ಮೇಲೆ ಕುಳಿತರೆಂದರೆ ಆಕೆ ಯಾರ ಹಂಗಿನಲ್ಲೂ ಇರುತ್ತಿರಲಿಲ್ಲ.

ಡ್ರೆಸ್ಸಾಜ್ ಎಂದರೆ ಓಟದ ಪಂದ್ಯವಲ್ಲ. ಸವಾರನ ಸೂಕ್ಷ್ಮ ಸಂಜ್ಞೆಗಳನ್ನು ಅರಿತು ಕುದುರೆಯು ನಿಯಮಬದ್ಧವಾಗಿ ಹೆಜ್ಜೆಯಿಡುವ ಕಲೆ. ಈ ಸ್ಪರ್ಧೆಗೆ ಮಹಿಳೆಯರನ್ನು ಮೊದಲ ಬಾರಿ ಸೇರಿಸಿಕೊಂಡದ್ದೂ ಅದೇ ವರ್ಷ. ಹಾರ್ಟೆಲ್ ಅವರಿಗೆ 1944ರಲ್ಲಿ, 23ನೆಯ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗಲೇ ಪೋಲಿಯೋ ತಗಲಿತ್ತು. ಮಗು ಆರೋಗ್ಯವಾಗಿ ಜನಿಸಿತು. ತಾಯಿ ಮಾತ್ರ ಕೈಯೆತ್ತುವುದನ್ನೂ ತೆವಳುವುದನ್ನೂ ಮೊದಲಿನಿಂದ ಕಲಿಯಬೇಕಾಯಿತು. ಇತರ ಸವಾರರು ಕಾಲಿನ ಒತ್ತಡದಿಂದ ಕೊಡುವ ಸಂಜ್ಞೆಗಳನ್ನು ಆಕೆ ಬೆನ್ನಿನ ಮತ್ತು ದೇಹಭಾರದ ಚಲನೆಯಿಂದಲೇ ಕೊಡಲು ಕಲಿತರು. ಜೂಬಿಲಿ ಎಂಬ ಆಕೆಯ ಹೆಣ್ಣುಕುದುರೆಯೂ ಆ ಭಾಷೆಯನ್ನು ಕಲಿಯಿತು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ ಪದಕ ಅವರ ಪಾಲಿಗೆ ಬಂತು. ಗಮನಿಸಬೇಕಾದದ್ದೆಂದರೆ, ಆಕೆಯ ಕಾಲುಗಳು ಮಾತ್ರ ಕೊನೆಯವರೆಗೂ ಗುಣವಾಗಲಿಲ್ಲ.

ಈ ವಿಜಯದ ತರುವಾಯ ಯೂರೋಪಿನ ವೈದ್ಯರೂ ಅಂಗಸಾಧನೆಯ ಚಿಕಿತ್ಸಕರೂ ಕುದುರೆಯತ್ತ ಹೊಸ ದೃಷ್ಟಿಯಿಂದ ನೋಡತೊಡಗಿದರು. ನಾರ್ವೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅಂಗವಿಕಲ ಮಕ್ಕಳನ್ನು ತಟ್ಟುಗಳ ಮೇಲೆ ಕೂರಿಸುವ ಪ್ರಯೋಗಗಳು ನಡೆದವು. 1969ರಲ್ಲಿ ಬ್ರಿಟನ್ನಿನಲ್ಲಿ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್ ಸ್ಥಾಪಿತವಾಯಿತು. ಅಮೆರಿಕದಲ್ಲಿ ಶಿಕ್ಷಕರಿಗೆ ಅರ್ಹತಾಪತ್ರ ನೀಡುವ ಸಂಸ್ಥೆಯೂ ಅದೇ ವರ್ಷ ಹುಟ್ಟಿತು.

ಕುದುರೆಯೇ ಏಕೆ? ನಡೆಯುವ ಕುದುರೆಯ ಬೆನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಏಕಕಾಲದಲ್ಲಿ ಚಲಿಸುತ್ತದೆ. ಮೇಲೆ ಕುಳಿತವನ ಸೊಂಟಕ್ಕೆ ಒದಗುವ ಈ ಚಲನೆಯು ಮನುಷ್ಯನು ತಾನೇ ನಡೆಯುವಾಗ ಸೊಂಟಕ್ಕೆ ಒದಗುವ ಚಲನೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಹುಟ್ಟಿದಂದಿನಿಂದ ನಡೆಯದ ಮಗುವಿನ ಬೆನ್ನೆಲುಬಿಗೆ ನಡಿಗೆಯ ಅನುಭವವನ್ನು ಹೀಗೆ ಕೊಡಬಲ್ಲ ಸಾಧನಗಳು ವಿರಳ. ಕುದುರೆಯ ಮೈಯ ಶಾಖ ಮನುಷ್ಯನದಕ್ಕಿಂತ ತುಸು ಹೆಚ್ಚು. ಬಿಗಿದ ತೊಡೆಗಳ ಸ್ನಾಯುಗಳು ಅದರಿಂದಲೂ ಸಡಿಲಗೊಳ್ಳುತ್ತವೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಿದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ ಇದ್ದ 15 ಮಕ್ಕಳಲ್ಲಿ ಕೆಲವರನ್ನು 8 ನಿಮಿಷ ನಡೆಯುವ ಕುದುರೆಯ ಮೇಲೂ ಉಳಿದವರನ್ನು ಅಷ್ಟೇ ಹೊತ್ತು ಅಲುಗಾಡದ ಪೀಪಾಯಿಯ ಮೇಲೂ ಕೂರಿಸಲಾಯಿತು. ಎಡಬಲ ಸ್ನಾಯುಗಳ ಸಮತೋಲ ಸುಧಾರಿಸಿದ್ದು ಕುದುರೆಯ ಮೇಲಿದ್ದವರಲ್ಲಿ. ಹದಿನೈದು ಮಕ್ಕಳ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ನಿಜ. ಆದರೂ ಲಾಭವು ಬರಿಯ ಕುಳಿತುಕೊಳ್ಳುವ ಭಂಗಿಯಿಂದ ಬಂದದ್ದಲ್ಲ, ನಡಿಗೆಯಿಂದ ಬಂದದ್ದು ಎಂಬುದಕ್ಕೆ ಅದು ತಕ್ಕ ಸೂಚನೆ.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಚಿಕಿತ್ಸಕನು ಕುದುರೆಯ ಚಲನೆಯನ್ನು ಔಷಧದಂತೆ ಬಳಸುವುದು ಒಂದು ಬಗೆ. ಅದಕ್ಕೆ ಹಿಪ್ಪೋಥೆರಪಿ ಎಂದು ಹೆಸರು. ಅಲ್ಲಿ ಮಗು ಸುಮ್ಮನೆ ಕುಳಿತರೂ ಸಾಕು. ಅಂಗವಿಕಲನಿಗೆ ಸವಾರಿಯನ್ನೇ ಕಲಿಸುವುದು ಇನ್ನೊಂದು ಬಗೆ. ಇಲ್ಲಿ ಅವನು ರೋಗಿಯಲ್ಲ, ವಿದ್ಯಾರ್ಥಿ. ಕಷ್ಟವಿರುವುದೂ ಸ್ವಾರಸ್ಯವಿರುವುದೂ ಈ ಎರಡನೆಯದರಲ್ಲಿ.

ಪಾಠ ಪ್ರಾರಂಭವಾಗುವುದು ಶಿರಸ್ತ್ರಾಣದಿಂದ. ಗಾಲಿಕುರ್ಚಿಯು ಕುದುರೆಯ ಎತ್ತರಕ್ಕೆ ಬರುವಂತೆ ಕಟ್ಟಿದ ಇಳಿಜಾರು ಕಟ್ಟೆಯಿಂದ ವಿದ್ಯಾರ್ಥಿಯನ್ನು ಮೆಲ್ಲನೆ ಕುದುರೆಯ ಬೆನ್ನಿಗೆ ದಾಟಿಸುತ್ತಾರೆ. ಕುದುರೆಯನ್ನು ಹಿಡಿದು ನಡೆಸಲು ಒಬ್ಬರು. ಎಡಬಲಗಳಲ್ಲಿ ವಿದ್ಯಾರ್ಥಿಯ ತೊಡೆಯ ಮೇಲೆ ಕೈಯಿಟ್ಟು ನಡೆಯಲು ಇಬ್ಬರು. ಕಣದ ನಡುವೆ ಎಲ್ಲರ ಮೇಲೂ ಕಣ್ಣಿಟ್ಟು ನಿಲ್ಲುವ ಶಿಕ್ಷಕರು. ಒಂದು ಮಗುವಿನ ಅರ್ಧ ಗಂಟೆಗೆ ನಾಲ್ವರು ಮನುಷ್ಯರು, ಒಂದು ಕುದುರೆ! ಜಮಾಖರ್ಚು ನೋಡುವವರಿಗೆ ಇದು ನಷ್ಟದ ವ್ಯಾಪಾರವೆಂದೇ ತೋರುತ್ತದೆ. ಆದ್ದರಿಂದಲೇ ಪರದೇಶಗಳಲ್ಲಿಯೂ ಈ ಕಾರ್ಯ ಬಹುಪಾಲು ಸ್ವಯಂಸೇವಕರ ಬಲದಿಂದಲೇ ನಡೆದಿದೆ.

“ನಡೆ” ಎಂದು ವಿದ್ಯಾರ್ಥಿ ಹೇಳುವವರೆಗೆ ಕುದುರೆ ನಡೆಯಕೂಡದು. ಮಾತು ಬಾರದವನಾದರೆ ಕುದುರೆಯ ಕುತ್ತಿಗೆಯನ್ನು ತಟ್ಟಬಹುದು, ಮೈಯನ್ನು ಮುಂದಕ್ಕೆ ಬಾಗಿಸಬಹುದು. ಆದರೆ ಆಜ್ಞೆ ಅವನದೇ ಆಗಿರಬೇಕು. ಆ ಆಜ್ಞೆಗಾಗಿ ಕೆಲವೊಮ್ಮೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಬೇಲಿಯಾಚೆ ನಿಂತ ತಾಯಿಗೆ ಆ ಮೌನ ಅಸಹನೀಯ. ಬಾಯಿಗೆ ತುತ್ತಿಡುವುದರಿಂದ ಹಿಡಿದು ಗುಂಡಿ ಹಾಕುವವರೆಗೆ ಮಗುವಿನ ಪರವಾಗಿ ಎಲ್ಲವನ್ನೂ ಮಾಡಿ ರೂಢಿಯಾದ ಕೈ ಅದು. “ಹೇಳು ಮಗು, ಹೇಳು” ಎಂದು ಆಕೆ ಕೂಗಿದರೆ ಒಳ್ಳೆಯ ಶಿಕ್ಷಕರು ಸನ್ನೆಯಿಂದ ತಡೆಯುತ್ತಾರೆ. ಮಗು ಹೇಳುತ್ತದೆ, ನಾಲ್ಕುನೂರು ಕಿಲೋ ತೂಕದ ಪ್ರಾಣಿ ಹೆಜ್ಜೆಯೆತ್ತುತ್ತದೆ. ಇತರರ ಇಚ್ಛೆಯಂತೆ ಎತ್ತಿಸಿಕೊಂಡು, ತಳ್ಳಿಸಿಕೊಂಡು ಬೆಳೆದವನಿಗೆ ತನ್ನ ಮಾತು ನಡೆಯಿತೆಂಬ ಅನುಭವ ಸಾಮಾನ್ಯವಾದುದಲ್ಲ.

ಮುಂದಿನ ಪಾಠಗಳಲ್ಲಿ ಆಸರೆಯ ಕೈಗಳು ಒಂದೊಂದಾಗಿ ಹಿಂದೆ ಸರಿಯಬೇಕು. ಯಾವಾಗ ಸರಿಯಬೇಕೆಂಬ ವಿವೇಚನೆಯಲ್ಲಿಯೇ ಶಿಕ್ಷಕರ ಯೋಗ್ಯತೆಯಿದೆ. ಬೇಗ ಬಿಟ್ಟರೆ ಬೀಳುವ ಭಯ, ಬಿಡದಿದ್ದರೆ ಅದೊಂದು ಮೆರವಣಿಗೆ. ಬೆರಳು ಬಿಗಿಹಿಡಿಯಲಾರದವರಿಗೆ ಏಣಿಯ ಮೆಟ್ಟಿಲುಗಳಂತೆ ಅಡ್ಡಪಟ್ಟಿಗಳಿರುವ ಲಗಾಮು ಇದೆ. ಬಿದ್ದರೆ ಪಾದ ಸಿಕ್ಕಿಕೊಳ್ಳದಂತೆ ಬಿಚ್ಚಿಕೊಳ್ಳುವ ರಿಕಾಪುಗಳಿವೆ. ಅಂಧ ಸವಾರರಿಗಾಗಿ ಕಣದ ಸುತ್ತಲಿನ ಅಕ್ಷರ ಫಲಕಗಳ ಬಳಿ ಜನರು ನಿಂತು ಆಯಾ ಅಕ್ಷರವನ್ನು ಕೂಗುತ್ತಾರೆ; ದನಿಯನ್ನು ಅನುಸರಿಸಿ ಸವಾರ ಕುದುರೆಯನ್ನು ತಿರುಗಿಸುತ್ತಾನೆ. 1996ರಿಂದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಅಶ್ವಾರೋಹಣವೂ ಸೇರಿದೆ.

ಈ ವಿದ್ಯೆ ಎಲ್ಲರಿಗೂ ಸಲ್ಲುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಜೋಡಣೆ ಸಡಿಲವಾಗಿರುತ್ತದೆ. ವೈದ್ಯರ ತಪಾಸಣೆಯಿಲ್ಲದೆ ಅವರನ್ನು ಕುದುರೆಯ ಮೇಲೆ ಕೂರಿಸುವುದು ಅಪಾಯ. ಹತೋಟಿಗೆ ಬಾರದ ಮೂರ್ಛೆರೋಗ, ತಪ್ಪಿದ ಸೊಂಟದ ಕೀಲು, ಸುಲಭವಾಗಿ ಮುರಿಯುವ ಮೂಳೆ ಇರುವವರೂ ವೈದ್ಯರ ಮಾತು ಕೇಳಬೇಕು. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಜೀನಿನ ಉಜ್ಜುವಿಕೆಯಿಂದ ಗಾಯವಾದರೂ ತಿಳಿಯದು. ಇನ್ನು, ಸವಾರಿಯಿಂದ ಸೆರೆಬ್ರಲ್ ಪಾಲ್ಸಿ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ಅಂಥವರಿಗೆ ಹಣ ಕಟ್ಟದಿರುವುದೇ ಲೇಸು. ಕುಳಿತುಕೊಳ್ಳುವ ಬಲ, ತಲೆಯ ಹತೋಟಿ, ಗಮನ, ಧೈರ್ಯ ಇವು ಹೆಚ್ಚಬಹುದು. ಮಿದುಳಿನ ಗಾಯ ಮಾಯುವುದಿಲ್ಲ.

ಭಾರತದಲ್ಲಿ ಈ ಸೌಲಭ್ಯ ಕೆಲವೇ ನಗರಗಳಿಗೆ ಸೀಮಿತ. ಮಹಾಲಕ್ಷ್ಮಿಯಲ್ಲೋ ಗಿಂಡಿಯಲ್ಲೋ ಪಂದ್ಯದ ಕುದುರೆಗಳನ್ನು ಕಂಡು, ಅವುಗಳಲ್ಲೊಂದರ ಮೇಲೆ ಮಗುವನ್ನು ಕೂರಿಸಿದರಾಯಿತು ಎಂದುಕೊಳ್ಳುವುದು ತಪ್ಪು. ಓಡಲೆಂದು ಬೆಳೆಸಿದ ಕುದುರೆಗೆ ಒಂದೇ ಪಕ್ಕಕ್ಕೆ ವಾಲುವ, ಇದ್ದಕ್ಕಿದ್ದಂತೆ ಕಿರಿಚುವ ಸವಾರನನ್ನು ಸಹಿಸುವ ಅಭ್ಯಾಸವಿರುವುದಿಲ್ಲ. ಮರೀನಾ ತೀರದಲ್ಲಿ ಹಣ ಕೊಟ್ಟು ಸುತ್ತು ಹಾಕಿಸುವುದೂ ಈ ಶಿಕ್ಷಣವಲ್ಲ. ಊರಿನ ಅಜ್ಜಿ, ಅತ್ತೆಯಂದಿರ ನೆರವು ದೂರವಾಗಿ, ಬಹುಮಹಡಿ ಮನೆಯೊಂದರಲ್ಲಿ ಇಂಥ ಮಗುವನ್ನು ಸಾಕುತ್ತಿರುವ ತಂದೆತಾಯಿಗಳು ಯಾವುದೇ ಕೇಂದ್ರಕ್ಕೆ ಹೋದರೂ ಕೇಳಬೇಕಾದ ಪ್ರಶ್ನೆಗಳುಂಟು. ಶಿಕ್ಷಕರು ತರಬೇತಿ ಪಡೆದವರೇ? ವೈದ್ಯರ ಪತ್ರವನ್ನು ಕೇಳುತ್ತಾರೆಯೇ? ಪಕ್ಕದಲ್ಲಿ ನಡೆಯಲು ಜನರಿದ್ದಾರೆಯೇ? ಕುದುರೆ ದಿನಕ್ಕೆ ಎಷ್ಟು ಪಾಠಗಳಿಗೆ ನಿಲ್ಲುತ್ತದೆ?

ಕಡೆಯ ಪ್ರಶ್ನೆಯನ್ನು ಅನೇಕರು ಮರೆಯುತ್ತಾರೆ. ಸಮತೋಲವಿಲ್ಲದ ಭಾರವನ್ನು ಹೊತ್ತು ನಿಧಾನವಾಗಿ ನಡೆಯುವುದು ಕುದುರೆಗೂ ಶ್ರಮ. ದಣಿದ ಕುದುರೆ ಕಿವಿಯನ್ನು ಹಿಂದಕ್ಕೆ ಮಡಿಸುತ್ತದೆ, ಬಾಲವನ್ನು ಬೀಸುತ್ತದೆ, ಏರುಕಟ್ಟೆಯ ಬಳಿ ನಿಲ್ಲಲು ಒಲ್ಲೆನೆನ್ನುತ್ತದೆ. ಆಗ ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಕಾದು ಕುಳಿತ ಮಗುವಿಗೆ ಸಮಾಧಾನ ಹೇಳಿ, ಕುದುರೆಯ ಮೈಯುಜ್ಜುವ ಕುಂಚವನ್ನು ಅದರ ಕೈಗೆ ಕೊಡುವ ಶಿಕ್ಷಕರು ಸಿಕ್ಕರೆ ಅಂಥ ಕೇಂದ್ರಕ್ಕೆ ಮಗುವನ್ನು ನಂಬಿ ಕಳುಹಿಸಬಹುದು.