ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುನ್ನ: ಎಸ್‌ಎಸ್‌ಡಿ ಬಗ್ಗೆ ಫಾರ್ವರ್ಡ್‌ಗಳು ಹೇಳುವುದು ಎಷ್ಟು ನಿಜ?

ಲ್ಯಾಪ್‌ಟಾಪ್ ಆನ್ ಮಾಡಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದರೂ ಪರದೆಯ ಮೇಲೆ ಆ ಚುಕ್ಕಿಗಳು ಇನ್ನೂ ಸುತ್ತುತ್ತಲೇ ಇರುತ್ತವೆ. ಏಳೆಂಟು ವರ್ಷ ಹಳೆಯ ಕಂಪ್ಯೂಟರ್ ಇರುವ ಮನೆಗಳಲ್ಲಿ, ಊರಿನ ಜೆರಾಕ್ಸ್ ಅಂಗಡಿಗಳಲ್ಲಿ ಇದು ದಿನನಿತ್ಯದ ಕಥೆ.

ಇದಕ್ಕೆ ವಾಟ್ಸಾಪ್‌ನಲ್ಲಿ ಸಲಹೆಗಳಿಗೇನೂ ಬರವಿಲ್ಲ. ಆಗಾಗ ರಿಫ್ರೆಶ್ ಮಾಡುತ್ತಿರಿ, ವೇಗ ಹೆಚ್ಚುತ್ತದೆ ಎನ್ನುತ್ತದೆ ಒಂದು ಸಂದೇಶ. ಎಸ್‌ಎಸ್‌ಡಿ ಹಾಕಿಸಿದರೆ ಎರಡೇ ವರ್ಷದಲ್ಲಿ ಸವೆದುಹೋಗುತ್ತದೆ ಎಂದು ಹೆದರಿಸುತ್ತದೆ ಇನ್ನೊಂದು. ಮೂರನೆಯದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ 16 ಟಿಬಿ ಎಸ್‌ಎಸ್‌ಡಿ ಸಿಗುತ್ತದೆಂದು ಲಿಂಕ್ ಸಮೇತ ಬರುತ್ತದೆ.

ಮೊದಲನೆಯದನ್ನು ನಂಬಿದರೆ ದೊಡ್ಡ ನಷ್ಟವಿಲ್ಲ. ಎರಡನೆಯದನ್ನು ನಂಬಿದರೆ ಇನ್ನೂ ಕೆಲವು ವರ್ಷ ದುಡಿಯಬಲ್ಲ ಕಂಪ್ಯೂಟರ್ ಗುಜರಿಗೆ ಹೋಗುತ್ತದೆ. ಮೂರನೆಯದನ್ನು ನಂಬಿದರೆ ದುಡ್ಡಿನ ಜೊತೆಗೆ ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋಗಳೂ ಹೋಗಬಹುದು. ಹಾಗಾಗಿ ಒಂದೊಂದನ್ನೇ ನೋಡೋಣ.

ಕಂಪ್ಯೂಟರ್ ನಿಧಾನವಾಗುವುದು ಎಲ್ಲಿ?

ಹಳೆಯ ಕಂಪ್ಯೂಟರ್‌ನಲ್ಲಿ ನಮ್ಮ ಫೈಲುಗಳೂ ವಿಂಡೋಸ್ ಕೂಡ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಅದರೊಳಗೆ ತಟ್ಟೆಯಂಥ ಬಿಲ್ಲೆಗಳು ತಿರುಗುತ್ತಿರುತ್ತವೆ. ಒಂದು ಪುಟ್ಟ ತೋಳು ಅವುಗಳ ಮೇಲೆ ಅತ್ತಿತ್ತ ಚಲಿಸುತ್ತ ಮಾಹಿತಿಯನ್ನು ಓದುತ್ತದೆ. ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ.

ಇದು ಭಾರೀ ವೇಗ ಅನ್ನಿಸಬಹುದು. ಆದರೆ ಜಾತ್ರೆಯ ಜಯಂಟ್ ವ್ಹೀಲ್ ನೆನಪಿಸಿಕೊಳ್ಳಿ. ನಿಮಗೆ ಬೇಕಾದವರು ಮೇಲಿನ ತೊಟ್ಟಿಲಲ್ಲಿ ಕೂತಿದ್ದರೆ, ಚಕ್ರ ತಿರುಗಿ ಅದು ಕೆಳಗೆ ಬರುವವರೆಗೆ ಕಾಯಲೇಬೇಕು. ಹಾರ್ಡ್ ಡಿಸ್ಕ್‌ನ ತೋಳಿಗೂ ಇದೇ ಪಾಡು. ಮೊದಲು ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಬೇಕಾದ ಮಾಹಿತಿ ತಿರುಗಿ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಎರಡೂ ಸೇರಿ ಪ್ರತಿ ಸಲ ಸುಮಾರು 15 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ 15 ಭಾಗ ಹಿಡಿಯುತ್ತದೆ.

ಒಂದು ದೊಡ್ಡ ಸಿನಿಮಾ ಫೈಲು ಓದುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಮಾಹಿತಿ ಸಾಲಾಗಿ ಇರುತ್ತದೆ. ಆದರೆ ಕಂಪ್ಯೂಟರ್ ಆನ್ ಆಗುವಾಗ ಅಲ್ಲಲ್ಲಿ ಚದುರಿರುವ ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಹೆಕ್ಕಬೇಕು. ಲೆಕ್ಕಕ್ಕೆಂದು 10,000 ತುಣುಕು ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ 15 ಮಿಲಿಸೆಕೆಂಡು ಎಂದರೆ ಹುಡುಕುವುದಕ್ಕೇ ಎರಡೂವರೆ ನಿಮಿಷ! ಕಾಫಿ ಆಗುವಷ್ಟು ಹೊತ್ತು ಹೋಗುವುದು ಇಲ್ಲೇ.

ಎಸ್‌ಎಸ್‌ಡಿಯಲ್ಲಿ ಏನು ಬೇರೆ?

ಎಸ್‌ಎಸ್‌ಡಿ ಅಂದರೆ ಸಾಲಿಡ್ ಸ್ಟೇಟ್ ಡ್ರೈವ್. ಇದರಲ್ಲಿ ತಿರುಗುವ ಬಿಲ್ಲೆಯೂ ಇಲ್ಲ, ತೋಳೂ ಇಲ್ಲ. ನಿಮ್ಮ ಮೊಬೈಲ್‌ನಲ್ಲಿ, ಪೆನ್‌ಡ್ರೈವ್‌ನಲ್ಲಿ ಇರುವಂತೆಯೇ ಫ್ಲ್ಯಾಶ್ ಮೆಮೊರಿ ಚಿಪ್‌ಗಳಿರುತ್ತವೆ. ಜಪಾನಿನ ತೊಶಿಬಾ ಕಂಪನಿಯಲ್ಲಿದ್ದ ಎಂಜಿನಿಯರ್ ಫುಜಿಯೋ ಮಸುಓಕ 1980ರ ದಶಕದಲ್ಲಿ ರೂಪಿಸಿದ ತಂತ್ರಜ್ಞಾನ ಇದು. ಬೇಕಾದ ತುಣುಕು ಎಲ್ಲೇ ಇದ್ದರೂ ವಿದ್ಯುತ್ ಸಂಕೇತದ ಮೂಲಕ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಅದೇ 10,000 ತುಣುಕುಗಳ ಲೆಕ್ಕ ಹಾಕಿದರೆ ಒಂದೇ ಸೆಕೆಂಡು.

ಪ್ರೊಸೆಸರ್‌ಗೂ ಅದರದೇ ಕೆಲಸ ಇರುವುದರಿಂದ ಕಂಪ್ಯೂಟರ್ ಒಂದೇ ಸೆಕೆಂಡಿನಲ್ಲಿ ತೆರೆದುಕೊಳ್ಳುವುದಿಲ್ಲ. ಆದರೆ ನಿಮಿಷಗಳಲ್ಲಿ ಆಗುತ್ತಿದ್ದದ್ದು ಸೆಕೆಂಡುಗಳಿಗೆ ಇಳಿಯುತ್ತದೆ. ಇದರ ಜೊತೆಗೆ ಸದ್ದಿಲ್ಲ, ಕರೆಂಟ್ ಬಳಕೆ ಕಡಿಮೆ. ಬ್ಯಾಗಿನಲ್ಲಿ ಹೊತ್ತೊಯ್ಯುವಾಗ ಕುಲುಕಾಟಕ್ಕೂ ಹೆದರಬೇಕಿಲ್ಲ.

ನಿಮ್ಮ ಕಂಪ್ಯೂಟರ್‌ಗೆ ಇದೇ ಕಾಯಿಲೆಯೇ? ನೀವೇ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ. ಕಂಪ್ಯೂಟರ್ ತಡವರಿಸುತ್ತಿರುವಾಗ ಡಿಸ್ಕ್ ಎಂಬಲ್ಲಿ 100% ಅಥವಾ ಅದರ ಹತ್ತಿರದ ಅಂಕಿ ಇದ್ದು, ಸಿಪಿಯು ಅಂಕಿ ಕಡಿಮೆ ಇದ್ದರೆ, ಎಲ್ಲರೂ ಹಾರ್ಡ್ ಡಿಸ್ಕ್‌ಗಾಗಿ ಕಾಯುತ್ತಿದ್ದಾರೆ ಎಂದರ್ಥ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಅಲ್ಲೇ ಡ್ರೈವ್ ಯಾವ ಬಗೆಯದು ಎಂದೂ ಬರೆದಿರುತ್ತದೆ.

ಮೆಮೊರಿ, ಅಂದರೆ ರ‍್ಯಾಮ್ ಕೂಡ ಸದಾ 90% ದಾಟಿರುತ್ತದೆಯೇ? ಆಗ ಎಸ್‌ಎಸ್‌ಡಿ ಒಂದೇ ಸಾಲದು. 4 ಜಿಬಿ ರ‍್ಯಾಮ್ ಇರುವವರು ಸಾಧ್ಯವಿದ್ದರೆ 8 ಜಿಬಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಫಾರ್ವರ್ಡ್ 1: ರಿಫ್ರೆಶ್ ಮಾಡಿದರೆ ವೇಗ ಹೆಚ್ಚುತ್ತದೆ

ಇಲ್ಲ. ಡೆಸ್ಕ್‌ಟಾಪ್‌ನಲ್ಲಿ ರಿಫ್ರೆಶ್ ಒತ್ತಿದಾಗ ಪರದೆಯ ಮೇಲಿನ ಐಕಾನ್‌ಗಳ ಪಟ್ಟಿ ಮತ್ತೊಮ್ಮೆ ಮೂಡುತ್ತದೆ, ಅಷ್ಟೇ. ರ‍್ಯಾಮ್ ಖಾಲಿಯಾಗುವುದೂ ಇಲ್ಲ, ಡಿಸ್ಕ್ ಚುರುಕಾಗುವುದೂ ಇಲ್ಲ.

ಡಿಫ್ರಾಗ್ಮೆಂಟ್ ಮಾಡಿ ಎಂಬ ಸಲಹೆ ಹಾರ್ಡ್ ಡಿಸ್ಕ್ ಕಾಲದಲ್ಲಿ ಸರಿಯೇ ಇತ್ತು. ಚದುರಿದ ತುಣುಕುಗಳನ್ನು ಒಂದೆಡೆ ಜೋಡಿಸಿದರೆ ತೋಳಿನ ಓಡಾಟ ತಗ್ಗುತ್ತಿತ್ತು. ತೋಳೇ ಇಲ್ಲದ ಎಸ್‌ಎಸ್‌ಡಿಗೆ ಅದರ ಅಗತ್ಯವಿಲ್ಲ. ಸುಮ್ಮನೆ ಬರೆದು ಅಳಿಸುವ ಕೆಲಸ ಹೆಚ್ಚುತ್ತದೆ. ಎಸ್‌ಎಸ್‌ಡಿಗೆ ಬೇಕಾದ ನಿರ್ವಹಣೆಯನ್ನು ವಿಂಡೋಸ್ ತಾನಾಗಿಯೇ ಮಾಡಿಕೊಳ್ಳುತ್ತದೆ.

ಫಾರ್ವರ್ಡ್ 2: ಎಸ್‌ಎಸ್‌ಡಿ ಎರಡು ವರ್ಷದಲ್ಲಿ ಸವೆದುಹೋಗುತ್ತದೆ

ಇದರಲ್ಲಿ ಒಂದು ಎಳೆ ನಿಜ ಇದೆ. ಫ್ಲ್ಯಾಶ್ ಮೆಮೊರಿಯ ಕೋಶಗಳಿಗೆ ಪ್ರತಿ ಸಲ ಬರೆದು ಅಳಿಸುವಾಗಲೂ ಸ್ವಲ್ಪ ಸವೆತ ಆಗುತ್ತದೆ. ಆದರೆ ಒಂದೇ ಎತ್ತಿನ ಮೇಲೆ ಎಲ್ಲ ಹೊರೆ ಹೇರದೆ ಎಲ್ಲ ಎತ್ತುಗಳಿಗೂ ಹಂಚುವ ರೈತನಂತೆ, ಎಸ್‌ಎಸ್‌ಡಿಯೊಳಗಿನ ಕಂಟ್ರೋಲರ್ ಚಿಪ್ ಈ ಕೆಲಸವನ್ನು ಎಲ್ಲ ಕೋಶಗಳಿಗೂ ಹಂಚುತ್ತದೆ.

ಎಷ್ಟು ಬರೆಯಬಹುದು ಎಂಬುದನ್ನು ಕಂಪನಿಗಳೇ ಟಿಬಿಡಬ್ಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತವೆ. ಅಗ್ಗದ ಸಾಲಿನ 480 ಜಿಬಿ ಎಸ್‌ಎಸ್‌ಡಿಯೊಂದರ ಅಂಕಿ 120 ಟಿಬಿ ಎಂದುಕೊಳ್ಳಿ. ದಿನಕ್ಕೆ 20 ಜಿಬಿ ಬರೆದರೂ (ಮನೆ ಬಳಕೆಗೆ ಇದು ಧಾರಾಳದ ಲೆಕ್ಕ) 6,000 ದಿನ, ಅಂದರೆ 16 ವರ್ಷ ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪ್‌ನ ಕೀಬೋರ್ಡು, ಬ್ಯಾಟರಿ, ಹಿಂಜ್ ಎಲ್ಲವೂ ಕೈಕೊಟ್ಟಿರುತ್ತವೆ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಟೆಕ್ ರಿಪೋರ್ಟ್ ಎಂಬ ಜಾಲತಾಣ 2013ರಿಂದ 2015ರವರೆಗೆ 6 ಎಸ್‌ಎಸ್‌ಡಿಗಳಿಗೆ ಅವು ಸಾಯುವ ತನಕ ಬಿಡದೆ ಮಾಹಿತಿ ಬರೆಯಿತು. ಆರೂ ಡ್ರೈವ್‌ಗಳು 700 ಟಿಬಿಗಿಂತ ಹೆಚ್ಚು ತಡೆದುಕೊಂಡವು. ಕೊನೆಯವರೆಗೆ ಉಳಿದದ್ದು 2,400 ಟಿಬಿ ದಾಟಿತು. ಇಂದಿನ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಒಂದೇ ಕೋಶದಲ್ಲಿ ಹೆಚ್ಚು ಮಾಹಿತಿ ತುರುಕುವುದರಿಂದ ಅಷ್ಟೊಂದು ನಿರೀಕ್ಷಿಸುವಂತಿಲ್ಲ. ಕೊಳ್ಳುವಾಗ ಟಿಬಿಡಬ್ಲ್ಯೂ ಅಂಕಿಯನ್ನೂ ವಾರಂಟಿಯನ್ನೂ ನೋಡಿ ಎನ್ನುವುದು ಇದಕ್ಕೇ.

ಕರೆಂಟ್ ಇಲ್ಲದೆ ಏಳು ದಿನ ಇಟ್ಟರೆ ಎಸ್‌ಎಸ್‌ಡಿಯಲ್ಲಿನ ಮಾಹಿತಿ ಅಳಿಸಿಹೋಗುತ್ತದೆ ಎಂಬ ಸುದ್ದಿಯೂ 2015ರಲ್ಲಿ ಹರಿದಾಡಿತ್ತು. ಪೂರ್ತಿ ಸವೆದ ಡ್ರೈವನ್ನು ವಿಪರೀತ ಬಿಸಿಯಲ್ಲಿ ಇಟ್ಟಾಗಿನ ಲೆಕ್ಕವನ್ನು ಎಲ್ಲ ಡ್ರೈವ್‌ಗಳಿಗೂ ಹಚ್ಚಿದ್ದರಿಂದ ಹುಟ್ಟಿದ ಗಾಬರಿ ಅದು. ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಏನೂ ಅಳಿಯುವುದಿಲ್ಲ. ಆದರೆ ವರ್ಷಗಟ್ಟಲೆ ಬೀರುವಿನಲ್ಲಿ ಇಡುವ ಮದುವೆ ವಿಡಿಯೋಗೆ ಎಸ್‌ಎಸ್‌ಡಿ ಒಂದನ್ನೇ ನೆಚ್ಚಬೇಡಿ.

ಇನ್ನೊಂದು ಮಾತು. ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಎಷ್ಟೋ ಸಲ ಟಕ್ ಟಕ್ ಸದ್ದು ಮಾಡಿ ಸುಳಿವು ಕೊಡುತ್ತದೆ. ಎಸ್‌ಎಸ್‌ಡಿ ಮುನ್ಸೂಚನೆಯಿಲ್ಲದೆ ನಿಂತುಹೋಗಬಹುದು. ಅದರಿಂದ ಅಳಿಸಿದ ಫೈಲನ್ನು ಮರಳಿ ಪಡೆಯುವುದೂ ಕಷ್ಟ. ಬೇಕಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಫಾರ್ವರ್ಡ್ 3: ಸಾವಿರ ರೂಪಾಯಿಗೆ 16 ಟಿಬಿ

ಮೂರರಲ್ಲಿ ನಿಜವಾಗಿ ಅಪಾಯಕಾರಿ ಇದು. ಸಾಮಾನ್ಯ ಗ್ರಾಹಕರಿಗೆ ಮಾರುವ ಎಸ್‌ಎಸ್‌ಡಿಗಳು ಹೆಚ್ಚಾಗಿ 256 ಜಿಬಿಯಿಂದ 4 ಟಿಬಿವರೆಗೆ ಇರುತ್ತವೆ. 8 ಟಿಬಿಯವು ಸಿಗುವುದೇ ಕಡಿಮೆ, ಬೆಲೆಯೂ ವಿಪರೀತ. ಹಾಗಿರುವಾಗ 16 ಟಿಬಿ ಸಾವಿರ ರೂಪಾಯಿಗೆ ಬರುವುದು ಹೇಗೆ?

ಇಂಥ ನಕಲಿ ಡ್ರೈವ್ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಮೊಬೈಲ್‌ಗೆ ಹಾಕುವಂಥ ಒಂದು ಚಿಕ್ಕ ಮೆಮೊರಿ ಕಾರ್ಡ್. ಅದರ ಕಂಟ್ರೋಲರ್‌ಗೆ, ಕಂಪ್ಯೂಟರ್ ಕೇಳಿದರೆ 16 ಟಿಬಿ ಎಂದು ಹೇಳು ಎಂದು ಸುಳ್ಳು ಕಲಿಸಿರುತ್ತಾರೆ. ಹಾಗಾಗಿ ಪರದೆಯ ಮೇಲೂ 16 ಟಿಬಿ ಎಂದೇ ಕಾಣುತ್ತದೆ. ನೀವು ಫೋಟೋ ತುಂಬುತ್ತ ಹೋಗುತ್ತೀರಿ. ಒಳಗೆ ನಿಜವಾಗಿ ಇದ್ದದ್ದು 64 ಜಿಬಿ ಆಗಿದ್ದರೆ, ಅದು ತುಂಬಿದ ಮೇಲೆ ಬರುವ ಫೈಲುಗಳು ಹಳೆಯವುಗಳ ಮೇಲೆಯೇ ಕೂರುತ್ತವೆ ಅಥವಾ ಎಲ್ಲೂ ದಾಖಲಾಗುವುದೇ ಇಲ್ಲ. ಫೈಲಿನ ಹೆಸರು, ಗಾತ್ರ ಎಲ್ಲ ಸರಿಯಾಗಿ ಕಾಣುತ್ತದೆ. ತೆರೆಯಲು ಹೋದಾಗ ಮಾತ್ರ ಏನೂ ಇರುವುದಿಲ್ಲ. ಅಷ್ಟರಲ್ಲಿ ಜಾಗ ಉಳಿಸಲೆಂದು ಮೊಬೈಲ್‌ನಲ್ಲಿದ್ದ ಮೂಲ ಫೋಟೋ ಅಳಿಸಿದ್ದರೆ, ಅವು ಹೋದಂತೆಯೇ.

ಈಗಾಗಲೇ ಕೊಂಡಿದ್ದೀರಾ? ಅದರಲ್ಲಿರುವುದನ್ನು ಮೊದಲು ಬೇರೆಡೆ ಪ್ರತಿ ಮಾಡಿಕೊಳ್ಳಿ. ಆಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಡ್ರೈವ್ ಪರೀಕ್ಷಿಸಿ. ಅದು ಡ್ರೈವ್‌ನಲ್ಲಿ ಮಾಹಿತಿ ತುಂಬಿ, ಮತ್ತೆ ಓದಿ, ನಿಜವಾದ ಜಾಗ ಎಷ್ಟೆಂದು ತಿಳಿಸುತ್ತದೆ. ಹಣ ವಾಪಸ್ ಕೇಳುವ ಅವಧಿ ಮುಗಿಯುವ ಮುನ್ನ ಇದನ್ನು ಮಾಡಿ.

ಆದರೆ 500 ಜಿಬಿ ಕೊಂಡರೆ ವಿಂಡೋಸ್ 465 ಜಿಬಿ ತೋರಿಸುತ್ತದೆ, ಇದೂ ಮೋಸ ಎಂಬ ಸಂದೇಶ ನಂಬಬೇಡಿ. ಕಂಪನಿಗಳು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತವೆ. ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 107 ಕೋಟಿ ಬೈಟ್. ವಸ್ತು ಅಷ್ಟೇ ಇದೆ, ಅಳೆಯುವ ಸೇರು ಬೇರೆ.

ಯಾವುದು ಕೊಳ್ಳಬೇಕು?

ಹಾರ್ಡ್ ಡಿಸ್ಕ್ ಇರುವ ಹೆಚ್ಚಿನ ಹಳೆಯ ಲ್ಯಾಪ್‌ಟಾಪ್‌ಗಳಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸರಿಹೊಂದುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗಕ್ಕೆ, ಅದೇ ಕನೆಕ್ಟರ್‌ಗೆ ಇದನ್ನು ಕೂರಿಸಬಹುದು. ಸೆಕೆಂಡಿಗೆ 3,500 ಎಂಬಿ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗಳೂ ಇವೆ. ಆದರೆ ಅವಕ್ಕೆ ಬೇರೆಯದೇ ಸ್ಲಾಟ್ ಬೇಕು. ಅದು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಸಾಟಾದ ವೇಗ ಸೆಕೆಂಡಿಗೆ ಸುಮಾರು 550 ಎಂಬಿಯಷ್ಟೇ ಆದರೂ ಚಿಂತೆ ಬೇಡ. ನಿತ್ಯದ ಕೆಲಸದಲ್ಲಿ ಕಣ್ಣಿಗೆ ಕಾಣುವ ಸುಧಾರಣೆ ಬರುವುದು ಹುಡುಕಾಟದ ಸಮಯ ಉಳಿಯುವುದರಿಂದ. ಅದು ಸಾಟಾದಲ್ಲೇ ಸಿಗುತ್ತದೆ.

ಮೆಮೊರಿ ಚಿಪ್‌ಗಳ ಬೆಲೆ ಏರಿಳಿಯುತ್ತಲೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಾಗಲಿ, ಎರಡು ಮೂರು ಕಡೆ ವಿಚಾರಿಸಿ, ಹೆಸರಿರುವ ಕಂಪನಿಯದನ್ನು ಬಿಲ್ ಸಮೇತ ಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗೆ ಹೋಲಿಸಿದರೆ ಇದು ಸಣ್ಣ ಖರ್ಚು.

ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹದ ಚಿಪ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಅಂಥದ್ದನ್ನು ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಮೊದಲು ಮಾಡೆಲ್ ನಂಬರ್ ತೋರಿಸಿ ಕೇಳಿ.

ಎಸ್‌ಎಸ್‌ಡಿ ಮಾಡದ ಕೆಲಸಗಳು

ಇಂಟರ್ನೆಟ್ ನಿಧಾನವಿದ್ದರೆ ಎಸ್‌ಎಸ್‌ಡಿ ಅದನ್ನು ಸರಿಪಡಿಸುವುದಿಲ್ಲ. ಗೇಮ್‌ಗಳ ಚಿತ್ರದ ಗುಣಮಟ್ಟ ಹೆಚ್ಚಿಸುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬೇಕಾದ ಹೊಸ ಪ್ರೊಸೆಸರ್, ಭದ್ರತಾ ಚಿಪ್ ಇಲ್ಲದ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಆ ಅರ್ಹತೆ ಬರುವುದಿಲ್ಲ. ಅಂಥ ಯಂತ್ರಗಳಿಗೆ ಉಚಿತವಾಗಿ ಸಿಗುವ ಲಿನಕ್ಸ್ ಒಂದು ದಾರಿ. ಎಸ್‌ಎಸ್‌ಡಿ ಜೊತೆ ಅದು ಹಳೆಯ ಯಂತ್ರದಲ್ಲೂ ಸಲೀಸಾಗಿ ಓಡುತ್ತದೆ.

ಅಂಗಡಿಗೆ ಕೊಡುವ ಮುನ್ನ

• ಬೇಕಾದ ಫೈಲುಗಳನ್ನೆಲ್ಲ ಬೇರೆ ಡ್ರೈವ್‌ಗೆ ಪ್ರತಿ ಮಾಡಿ, ತೆರೆದು ನೋಡಿ.
• ವಿಂಡೋಸ್ ಹೊಸದಾಗಿ ಹಾಕುತ್ತಾರೋ, ಇರುವುದನ್ನೇ ಹಾಗೆಯೇ ಹೊಸ ಡ್ರೈವ್‌ಗೆ ಇಳಿಸುತ್ತಾರೋ ಕೇಳಿ. ಎರಡನೆಯದಕ್ಕೆ ಕ್ಲೋನಿಂಗ್ ಎನ್ನುತ್ತಾರೆ. ಇದರಲ್ಲಿ ನಿಮ್ಮ ತಂತ್ರಾಂಶಗಳು ಇದ್ದಂತೆಯೇ ಉಳಿಯುತ್ತವೆ.
• ಹಳೆಯ ಹಾರ್ಡ್ ಡಿಸ್ಕ್ ಕೇಳಿ ವಾಪಸ್ ಪಡೆಯಿರಿ. ಆಧಾರ್ ಪ್ರತಿ, ಬ್ಯಾಂಕ್ ಕಾಗದಗಳು, ಮನೆಯವರ ಫೋಟೋಗಳು ಇನ್ನೂ ಅದರಲ್ಲೇ ಇರುತ್ತವೆ. ಯುಎಸ್‌ಬಿ ಕೇಸ್‌ಗೆ ಹಾಕಿಕೊಂಡರೆ ಅದೇ ನಿಮ್ಮ ಬ್ಯಾಕಪ್ ಡ್ರೈವ್ ಆಗುತ್ತದೆ.

ಹೊಸ ಲ್ಯಾಪ್‌ಟಾಪ್‌ಗೆ ಸಾಲ ಮಾಡುವ ಯೋಚನೆಯಿದ್ದರೆ, ಅದಕ್ಕೂ ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಅಂಕಿ ಎಷ್ಟಿದೆ ಎಂದು ಒಮ್ಮೆ ನೋಡಿಬಿಡಿ. ಮನೆಯವರ ಗ್ರೂಪಿಗೆ 16 ಟಿಬಿಯ ಲಿಂಕ್ ಮತ್ತೆ ಬಂದರೆ, ಆ ಡ್ರೈವ್‌ನೊಳಗೆ ಏನಿರುತ್ತದೆ ಎಂಬುದನ್ನು ಅದರ ಕೆಳಗೇ ಬರೆದು ತಿಳಿಸಿ.