ಲಿಂಕ್ ಒತ್ತಿದರೆ ನಿಮ್ಮ ಫೋನಿನ ಸೆಟ್ಟಿಂಗ್ ಓದಬಹುದೇ?

“ಈ ಲಿಂಕ್ ಒತ್ತಬೇಡಿ, ಫೋನಿನ ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನೆಲ್ಲ ಓದಿಬಿಡುತ್ತಾರೆ!” ಇಂಥ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಎಚ್ಚರಿಕೆ ಸರಿ, ಕೊಡುವ ಕಾರಣ ತಪ್ಪು.

ಫೋನ್ ಮತ್ತು ವೆಬ್‌ಸೈಟಿನ ಸರ್ವರ್ ನಡುವಿನ ಸಂಪರ್ಕಕ್ಕೆ ಎರಡು ತುದಿಗಳು. ಒಂದೊಂದು ತುದಿಯೂ ಒಂದು ಸಾಕೆಟ್ (ಗೋಡೆಯ ಪ್ಲಗ್ಗಿನದಲ್ಲ!). ಬಹಳಷ್ಟು ವೆಬ್‌ಸೈಟ್‌ಗಳು ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಸಾಕೆಟ್ ಸೆಟ್ಟಿಂಗ್ ಓದುವ ‘ಸಾಕೆಟ್ ಗೆಟ್ ಆಪ್ಷನ್’ ಎಂಬ ಆಜ್ಞೆ ಇರುವುದು ನಿಜ. ಉತ್ತರಕ್ಕೆ ಎಷ್ಟು ಸೆಕೆಂಡ್ ಕಾಯಬೇಕು, ಬಂದ ಡೇಟಾ ಇಟ್ಟುಕೊಳ್ಳಲು ಎಷ್ಟು ಜಾಗವಿದೆ, ಸದ್ದಿಲ್ಲದ ಸಂಪರ್ಕ ಇನ್ನೂ ಜೀವಂತವೇ ಎಂದು ಆಗಾಗ ತಟ್ಟಿ ನೋಡಬೇಕೇ – ಅದು ಹೇಳುವುದು ಇಂಥವನ್ನು. ಅದೂ ಸರ್ವರ್‌ನ ಸ್ವಂತ ತುದಿಯದನ್ನು ಮಾತ್ರ. ಕರೆ ಮಾಡಿದವರಿಗೆ ನಿಮ್ಮ ರಿಂಗ್‌ಟೋನ್ ಯಾವುದೆಂದು ತಿಳಿಯುತ್ತದೆಯೇ? ಹಾಗೆಯೇ ಇದೂ. ಸರ್ವರ್‌ಗೆ ನಿಮ್ಮ ಐಪಿ ವಿಳಾಸ, ಬ್ರೌಸರ್ ಯಾವುದು ಎಂಬಂಥ ಕೆಲವು ವಿವರ ಸಿಗುತ್ತವೆ. ವೈಫೈ ಪಾಸ್‌ವರ್ಡ್ ಸಿಗುವುದಿಲ್ಲ.

ಹಾಗಾದರೆ ಲಿಂಕ್‌ನಿಂದ ಅಪಾಯವೇ ಇಲ್ಲವೇ? ಇದೆ, ಆದರೆ ಬೇರೆ ದಾರಿಯಲ್ಲಿ. 1960ರ ದಶಕದಿಂದ ಟಿಬೆಟನ್ನರ ನೆಲೆಯಾಗಿರುವ ಬೈಲಕುಪ್ಪೆಯವರಿಗಂತೂ ಈ ಪ್ರಕರಣ ಗೊತ್ತಿರಬೇಕು. 2018ರ ನವೆಂಬರ್‌ನಿಂದ 2019ರ ಮೇವರೆಗೆ, ದಲೈ ಲಾಮಾ ಅವರ ಕಚೇರಿಯೂ ಸೇರಿದಂತೆ ಟಿಬೆಟನ್ ಸಂಸ್ಥೆಗಳ ಹಿರಿಯರಿಗೆ ವಾಟ್ಸ್‌ಆಪ್‌ನಲ್ಲಿ ಲಿಂಕ್‌ಗಳು ಬಂದವು. ಕಳಿಸಿದವರು ಪತ್ರಕರ್ತರು, ಎನ್‌ಜಿಒದವರು ಎಂದು ಸೋಗು ಹಾಕಿದ್ದರು. ಹಳೆಯ ಸಾಫ್ಟ್‌ವೇರ್ ಇರುವ ಫೋನಿನಲ್ಲಿ ಒಮ್ಮೆ ಒತ್ತಿದರೆ ಸಾಕು, ಅದರ ದೋಷದ ಮೂಲಕ ಗೂಢಚಾರಿ ತಂತ್ರಾಂಶ ನುಸುಳುತ್ತಿತ್ತು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಇದನ್ನು ಪರಿಶೀಲಿಸಿತು. ಆ ದೋಷಗಳನ್ನು ಸರಿಪಡಿಸುವ ಅಪ್‌ಡೇಟ್‌ಗಳು ಆಗಲೇ ಬಂದಿದ್ದವು. ಕೆಲವರು ಲಿಂಕ್ ಒತ್ತಿಯೂ ಇದ್ದರು, ಆದರೆ ಅವರ ಫೋನ್‌ಗಳಲ್ಲಿ ಆ ದೋಷಗಳಿರಲಿಲ್ಲ.